ಪರದೆಯ ಅಂಚಿನಲ್ಲಿ ದೊರೆಯ ಕಿವಿ

ಹಲ್ಲಿನ ಡಾಕ್ಟರಿಗೆ ಬೈಜಾಂಟಿಯಂ ಎಂಬ ಹಳೇ ಸಾಮ್ರಾಜ್ಯದ ದೊರೆಗಳ ತಾಮ್ರದ ನಾಣ್ಯ ಕಂಡರೆ ಹಸಿವು ನಿದ್ರೆ ಎರಡೂ ಮರೆತುಹೋಗುತ್ತವೆ. ಬೆಳಿಗ್ಗೆ ರೋಗಿಗಳ ಹಲ್ಲು ಕೆರೆಯುವಂಥ ಕೊಕ್ಕೆಯಲ್ಲೇ ಸಂಜೆ ನಾಣ್ಯದ ಮಣ್ಣು ಕೆರೆಯುತ್ತಾರೆ. (ಕೊಕ್ಕೆ ಬೇರೆ ಬೇರೆ ಎನ್ನುತ್ತಾರೆ. ನಂಬೋಣ.)

"ಇಲ್ನೋಡೇ, ಎಷ್ಟು ದೊಡ್ಡ 'ಎಂ' ಅಕ್ಷರ! ಅಂದ್ರೆ ನಲವತ್ತು ಪುಡಿಗಾಸಿಗೆ ಸಮ."

"ಈಗ ಅದಕ್ಕೆ ಒಂದು ಕಟ್ಟು ಸೊಪ್ಪು ಕೊಡ್ತಾರಾ, ಕೇಳ್ಕೊಂಡು ಬನ್ನಿ."

ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿ ಪರದೆ ಹೊಲಿಯುತ್ತಾರೆ. ಅವರ ಪರದೆಗೆ ಊರಲ್ಲೆಲ್ಲ ಹೆಸರು. ಗಾಳಿಗೆ ಹಾರದಂತೆ ಅಂಚಿನೊಳಗೆ ಲೋಹದ ಬಿಲ್ಲೆಗಳನ್ನಿಟ್ಟು ಹೊಲಿಯುವುದು ಅವರ ಕೈಚಳಕ. ನಾಣ್ಯದ ಡಬ್ಬಗಳು ಹೊಲಿಗೆ ಮೇಜನ್ನೂ ಆಕ್ರಮಿಸಿದಾಗ ಅವರು ಕತ್ತರಿ ಕೆಳಗಿಟ್ಟು ಯುದ್ಧ ಸಾರಿದರು. ಡಾಕ್ಟರು ಶರಣಾದರು: "ಇನ್ನೊಂದು ನಾಣ್ಯ ತಂದ್ರೆ ಕೇಳು!"

ಅದೇ ವಾರ ಸಿಕ್ಕಿತು, ಜನ್ಮ ಸಾರ್ಥಕವಾಗುವಂಥ ನಾಣ್ಯ. ಬೈಜಾಂಟಿಯಂನಲ್ಲಿ ಹೊಸ ದೊರೆಗಳು ಎಷ್ಟೋ ಸಲ ಹಳೆ ದೊರೆಯ ನಾಣ್ಯದ ಮೇಲೇ ತಮ್ಮ ಮುಖ ಒತ್ತಿಸುತ್ತಿದ್ದರು. ಇದರಲ್ಲಿ ಹೊಸ ದೊರೆಯ ಗಡ್ಡದ ಪಕ್ಕದಲ್ಲಿ ಹಳೆಯವನ ಕಿವಿಯೊಂದು ಉಳಿದುಕೊಂಡಿತ್ತು! ನಾಣ್ಯದ ಸಂಘದಲ್ಲಿ ಭಾನುವಾರ ಇದರ ಮೇಲೇ ಅವರ ಭಾಷಣ. ಅಲ್ಲಿಯವರೆಗೆ ಬಚ್ಚಿಡುವುದೆಲ್ಲಿ? ಹೆಂಡತಿಯ ಬಿಲ್ಲೆ ಡಬ್ಬದಲ್ಲಿ. ಬಿಲ್ಲೆಗಳ ನಡುವೆ ಇನ್ನೊಂದು ಬಿಲ್ಲೆ, ಯಾರಿಗೆ ಗೊತ್ತಾಗುತ್ತೆ! ತಮ್ಮ ಬುದ್ಧಿಯನ್ನು ತಾವೇ ಮೆಚ್ಚಿಕೊಂಡರು.

ಭಾನುವಾರ ನೋಡಿದರೆ ಡಬ್ಬ ಖಾಲಿ. ಕೇಳುವ ಹಾಗಿಲ್ಲ, ಬಿಡುವ ಹಾಗಿಲ್ಲ. ಡಾಕ್ಟರು ಬರಿಗೈಯಲ್ಲೇ ವೇದಿಕೆ ಹತ್ತಿದರು. ಗಂಡನ ಭಾಷಣವೆಂದು ಹೆಂಡತಿ ಮುಂದಿನ ಸಾಲಿನಲ್ಲೇ ಕೂತಿದ್ದರು.

ಅಷ್ಟರಲ್ಲಿ ಜೋರು ಗಾಳಿ ಬೀಸಿತು. ಕಾಗದಗಳು ಹಾರಿದವು, ಅಧ್ಯಕ್ಷರ ಟೋಪಿ ಹಾರಿತು. ಸಭಾಂಗಣದ ಹೊಸ ಪರದೆ ಮಾತ್ರ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

"ಭೇಷ್! ಯಾರಮ್ಮ ಹೊಲಿದಿದ್ದು?" ಎಂದರು ಅಧ್ಯಕ್ಷರು.

"ನಾನೇ," ಎಂದು ಹೆಂಡತಿ ಎದ್ದು ನಿಂತರು. "ಕೊನೆಗೆ ಒಂದು ಬಿಲ್ಲೆ ಕಡಿಮೆ ಬಿತ್ತು ಅನ್ನೋಷ್ಟರಲ್ಲಿ ಡಬ್ಬದ ತಳದಲ್ಲಿ ಒಂದು ಸಿಕ್ತು. ಸೊಟ್ಟಗಿತ್ತು, ಆದ್ರೆ ಒಳ್ಳೇ ತೂಕ."

ಡಾಕ್ಟರು ಭಾಷಣ ಅಲ್ಲೇ ಬಿಟ್ಟರು. ವೇದಿಕೆ ಇಳಿದು ಹೋಗಿ ಪರದೆಯ ಮುಂದೆ ಮಂಡಿಯೂರಿ ಅಂಚನ್ನೆಲ್ಲ ಒತ್ತಿ ಒತ್ತಿ ನೋಡಿದರು. ಮೂಲೆಯಲ್ಲಿ ಹೆಬ್ಬೆರಳು ನಿಂತಿತು. ಅದೇ ಸೊಟ್ಟ ಅಂಚು!

"ರೀ, ಪರದೆ ಕಾಲಿಗೆ ಯಾಕ್ರೀ ಬೀಳ್ತಿದ್ದೀರಿ?"

"ಒಳಗೆ... ದೊರೆ ಇದ್ದಾನೆ ಕಣೇ."

ಹೆಂಡತಿಗೆ ಎಲ್ಲ ಅರ್ಥವಾಯಿತು. "ಓಹೋ! ಇನ್ನೊಂದು ತಂದ್ರೆ ಕೇಳು ಅಂದಿದ್ರಲ್ಲ, ಈಗ ಕೇಳ್ತಿದ್ದೀನಿ!"

ಸಭೆಯೆಲ್ಲ ಗೊಳ್ಳೆಂದಿತು. ಅಧ್ಯಕ್ಷರು ಕತ್ತರಿ ತರಿಸಿದರು. ಹೆಂಡತಿ ಅಡ್ಡ ನಿಂತರು. "ನನ್ನ ಹೊಲಿಗೆ ಮುಟ್ಟಕೂಡದು. ಸಾವಿರದ ನಾನೂರು ವರ್ಷದ ಮೇಲೆ ಪಾಪ ಅವನಿಗೊಂದು ಕೆಲಸ ಸಿಕ್ಕಿದೆ, ಮಾಡ್ಲಿ ಬಿಡಿ."

ಚಪ್ಪಾಳೆ ಬಿದ್ದದ್ದು ಅವರಿಗೆ. ಡಾಕ್ಟರ ಭಾಷಣ ಇಂದಿಗೂ ಬಾಕಿ ಇದೆ.

ಈಗ ಸಂಘಕ್ಕೆ ಹೊಸಬರು ಯಾರೇ ಬರಲಿ, ಡಾಕ್ಟರು ಎದೆಯುಬ್ಬಿಸಿ ಕರೆದೊಯ್ದು ಪರದೆಯ ಮೂಲೆ ಮುಟ್ಟಿಸುತ್ತಾರೆ. ಮೊದಲು ಹೊಲಿಗೆ ಯಾರದೆಂದು ಹೇಳಬೇಕು, ಆಮೇಲೆ ದೊರೆ ಯಾರೆಂದು. ಹಾಗಂತ ಮನೆಯಲ್ಲಿ ಅಪ್ಪಣೆಯಾಗಿದೆ.