ಅಮ್ಮನ ಪಟ್ಟಿ, ನನ್ನ ಹ್ಯಾಶ್‌ಸೆಟ್ಟು

ಹದಿನಾಲ್ಕು ವರ್ಷದಿಂದ ಜಾವಾದಲ್ಲಿ ಪ್ರೋಗ್ರಾಂ ಬರೆದು ಬದುಕುತ್ತಿರುವ ನನಗೆ, ತಮ್ಮನ ಮದುವೆಗೆ ಕರೆಯಬೇಕಾದವರ ಪಟ್ಟಿ ಯಾವ ದೊಡ್ಡ ವಿಷಯ ಎಂದುಕೊಂಡಿದ್ದೆ. ಪಟ್ಟಿಯನ್ನು ಅಮ್ಮನೇ ಬರೆದಿಟ್ಟು ಹೋಗಿದ್ದಳು. ಹೋದ ವರ್ಷ ಹಾಸಿಗೆ ಹಿಡಿದಾಗ, ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ, ಸಾಲಿಗೊಂದು ಹೆಸರು. "ಮಂಜು ಮದುವೇಗೆ ಇದೇ ಸಾಲಲ್ಲಿ ಕರೀಬೇಕು ಕಣೇ ಶೈಲು" ಎಂದಿದ್ದಳು. ನಾನು ಮೀಟಿಂಗಿನಲ್ಲಿದ್ದೆ. ಹೂಂ ಅಂದಿದ್ದೆ.

ಈಗ ತೆರೆದು ನೋಡಿದರೆ ಕೆಲವು ಹೆಸರು ಮತ್ತೆ ಮತ್ತೆ ಬಂದಿವೆ. ಅತ್ತಿಗುಪ್ಪೆ ಜಯಕ್ಕ ಮೂರು ಕಡೆ! ಪಾಪ, ಮಾತ್ರೆಯ ಮಂಪರಿನಲ್ಲಿ ಬರೆದಿದ್ದಾಳೆ ಎಂದು ಮರುಗಿ, ಪಟ್ಟಿಯ ಶುದ್ಧೀಕರಣವೆಂಬ ಪವಿತ್ರ ಕಾರ್ಯಕ್ಕೆ ಕೈಹಾಕಿದೆ.

"ಪೆನ್ಸಿಲ್ ತಗೊಂಡು ಗೀಟು ಹಾಕಿದ್ರೆ ಆಯ್ತಲ್ಲೇ?" ಎಂದರು ನನ್ನವರು.

"ರೀ, ಇದು ಒಂದೇ ಸಾಲಿನ ಕೋಡು. ನೀವು ಕಾಫಿ ಮಾಡಿ."

ಹೆಸರುಗಳನ್ನೆಲ್ಲ ಟೈಪ್ ಮಾಡಿ ಒಂದು ಅರೇಯಲ್ಲಿ, ಅಂದರೆ ಸಾಲಾಗಿ, ನಿಲ್ಲಿಸಿದೆ. ಆ ಅರೇಯನ್ನು ಸೆಟ್ ಒಳಗೆ ಸುರಿದೆ. ಸೆಟ್ ಎಂದರೆ ಒಂದೇ ಹೆಸರನ್ನು ಎರಡನೇ ಸಲ ಒಳಗೆ ಬಿಡದ ಡಬ್ಬ. ಕಾಫಿ ಬರುವಷ್ಟರಲ್ಲಿ ಪಟ್ಟಿ ಪ್ರಿಂಟಾಗಿತ್ತು. ಎಷ್ಟು ಚೊಕ್ಕ!

ಶನಿವಾರ ಬೆಳಿಗ್ಗೆ ಕಾರ್ಡುಗಳೊಂದಿಗೆ ಸ್ಕೂಟರ್ ಹತ್ತಿದೆವು. ಮೊದಲ ಹೆಸರು ಚಂದ್ರಾ ಲೇಔಟಿನ ಶಾಮಿಯಾನದ ರಾಮಣ್ಣ.

"ಎಲ್ಲರಿಗಿಂತ ಮೊದ್ಲು ಶಾಮಿಯಾನದವ್ರಾ?" ಎಂದರು ನನ್ನವರು.

"ಅಮ್ಮ ಯಾವಾಗ್ಲೂ ಕೆಲಸ ಮಾಡೋರಿಗೆ ಮರ್ಯಾದೆ ಕೊಡೋಳು ಕಣ್ರೀ" ಎಂದು ಗದ್ಗದಿತಳಾದೆ. ಎರಡನೆಯವರು ಹಾಲಿನ ಬೂತಿನವರು. ಮೂರನೆಯವರು, ಯಾರ ಮುಖ ಕಂಡರೆ ಅಮ್ಮ ಬಾಗಿಲು ಹಾಕಿಕೊಳ್ಳುತ್ತಿದ್ದಳೋ ಆ ಹಿಂದಿನ ಮನೆಯವರು. ಅಮ್ಮನ ಔದಾರ್ಯಕ್ಕೆ ನನ್ನ ಕಣ್ಣು ತುಂಬಿ ಬಂತು.

ನಾಲ್ಕನೇ ಮನೆಯ ಗೇಟಿನಲ್ಲಿ ಫೋನು. ಕಾಮಾಕ್ಷಿಪಾಳ್ಯದಲ್ಲಿ ಲೇತ್ ವರ್ಕ್‌ಶಾಪ್ ಇಟ್ಟಿರುವ ಸೋದರಮಾವ.

"ಏನವ್ವಾ ಶೈಲಾ, ರಾಮಣ್ಣ ಬೋಲ್ಟ್ ಮಾಡ್ಸೋಕೆ ಬಂದಿದ್ದ, ಕಾರ್ಡ್ ತೋರಿಸ್ದ. ಚೆನ್ನಾಗಿದೆ. ಮಂಜುಗೆ ಬಾಸಿಂಗ ಕಟ್ಟೋಕೂ ಅವನಿಗೇ ಹೇಳ್ಬಿಡು!"

ಫೋನು ಕಟ್ಟಾಯಿತು. ನಮ್ಮಲ್ಲಿ ದೇವರ ಮುಂದಿಟ್ಟ ಮೇಲೆ ಮೊದಲ ಕಾರ್ಡು ಸೋದರಮಾವನಿಗೆ. ಮದುಮಗನಿಗೆ ಬಾಸಿಂಗ ಕಟ್ಟುವವರೇ ಅವರು. ಅದಕ್ಕಿಂತ ಹೆಚ್ಚಾಗಿ, ಅಮ್ಮನ ಮೂಗು, ಅಮ್ಮನ ನಗು ಇರುವ ಇನ್ನೊಂದು ಮುಖ ಈ ಲೋಕದಲ್ಲಿ ಉಳಿದಿರುವುದು ಅವರದೊಂದೇ. ಅವರು ಬರದಿದ್ದರೆ ಮಂಟಪದಲ್ಲಿ ನಾನು ಯಾರ ಮುಖ ನೋಡಲಿ? ನನ್ನ ಪ್ರಿಂಟಿನಲ್ಲಿ ಅವರು ಐವತ್ತೇಳನೆಯವರು, ಸ್ಟವ್ ರಿಪೇರಿಯವನ ಹಿಂದೆ!

ಆಗ ಹೊಳೆಯಿತು. ನಾನು ಬಳಸಿದ್ದು ಹ್ಯಾಶ್‌ಸೆಟ್. ಯಾರು ಮೊದಲು ಬಂದರೆಂಬುದು ಅದಕ್ಕೆ ಬೇಕಿಲ್ಲ. ತನ್ನದೇ ಲೆಕ್ಕದಲ್ಲಿ ಎಲ್ಲೆಲ್ಲೋ ಕೂರಿಸುತ್ತದೆ. ಬಂದ ಸಾಲು ಹಾಗೇ ಉಳಿಯಬೇಕಾದರೆ ಲಿಂಕ್ಡ್‌ಹ್ಯಾಶ್‌ಸೆಟ್ ಎನ್ನಬೇಕು. ಒಂದು ಪದದ ವ್ಯತ್ಯಾಸ. ಆಫೀಸಿಗೆ ಹೊಸದಾಗಿ ಸೇರಿದವರಿಗೆ ಈ ಪಾಠ ಮಾಡುವವಳೇ ನಾನು!

ಮನೆಗೆ ಓಡಿ ಆ ಪದ ಸೇರಿಸಿ, ಹೊಸ ಪ್ರಿಂಟು ತೆಗೆದು, ಸಾಕ್ಷಿಗೆ ಅಮ್ಮನ ನೋಟ್‌ಬುಕ್ಕನ್ನೂ ಹಿಡಿದು ಕಾಮಾಕ್ಷಿಪಾಳ್ಯಕ್ಕೆ ಹೋದೆವು. ಮಾವ ಲೇತ್ ನಿಲ್ಲಿಸಿ, ಕೈ ಒರೆಸಿಕೊಂಡು, ನೋಟ್‌ಬುಕ್ ತೆರೆದರು. ಮೊದಲ ಸಾಲಿನಲ್ಲಿ ಅಮ್ಮ ಬರೆದಿದ್ದುದು ಬರೀ 'ಅಣ್ಣ' ಎಂದು. ಮಾವ ಅದರ ಮೇಲೆ ಬೆರಳಾಡಿಸಿದರು.

"ಬರ್ತೀನಿ. ಕರೆದಿರೋಳು ನನ್ ತಂಗಿ, ನೀನಲ್ಲ" ಎಂದರು. ಆಮೇಲೆ ಹಾಳೆ ತಿರುಗಿಸುತ್ತಾ, "ಜಯ ಇದ್ರಲ್ಲಿ ಮೂರು ಸಲ ಇದಾಳೆ. ನಿನ್ ಪೇಪರಲ್ಲಿ ಒಂದೇ ಸಲ?"

"ಅದು ಡೂಪ್ಲಿಕೇಟ್ ಮಾವ. ತೆಗೆದ್ಬಿಟ್ಟೆ."

"ಡೂಪ್ಲಿಕೇಟಾ? ಗಂಡ ಹೋದ್ಮೇಲೆ ಜಯ ಒಂದ್ಸಲ ಕರೆದ್ರೆ ಯಾವ ಮದುವೇಗೂ ಬರಲ್ಲ ಕಣವ್ವಾ. ಕಾರ್ಡ್ ಕೊಟ್ರೆ ನಾನ್ಯಾಕೆ ಅಂತಾಳೆ. ವಾರ ಬಿಟ್ಟು ಇನ್ನೊಂದ್ಸಲ ಹೋಗ್ಬೇಕು. ಹಿಂದಿನ ದಿನ ಕೈ ಹಿಡ್ಕೊಂಡು ಕರ್ಕೊಂಬರ್ಬೇಕು. ನಿಮ್ಮಮ್ಮ ಯಾವತ್ತೂ ಹಂಗೇ ಮಾಡ್ತಿದ್ದಿದ್ದು."

ಹದಿನಾಲ್ಕು ವರ್ಷದ ಅನುಭವ ಲೇತ್ ಪಕ್ಕದಲ್ಲಿ ಕುಸಿದು ಕುಳಿತಿತು. ಮಾವ ಬಿಡಲಿಲ್ಲ. "ಇನ್ಯಾರೋ ನಾಲ್ಕು ಸಲ ಇದಾರೆ ನೋಡು."

ನನ್ನವರು ಬಗ್ಗಿ ನೋಡಿ ನಕ್ಕೇ ನಕ್ಕರು. 'ಶೈಲು.' ಟೈಪ್ ಮಾಡುವಾಗ ನನ್ನ ಬೆರಳು ನೋಡಿತ್ತು, ನಾನು ನೋಡಿರಲಿಲ್ಲ.

"ನಾಲ್ಕು ಸಲ ಕರೀದೆ ನೀನು ಯಾವ ಫಂಕ್ಷನ್‌ಗೆ ಬಂದಿದೀಯಾ ಹೇಳು?" ಎಂದರು ಮಾವ.

ನಿಜವೇ. ಅಮ್ಮ ಕರೆದಾಗಲೆಲ್ಲ ನಾನು "ಮೀಟಿಂಗ್ ಇದೆ ಅಮ್ಮ, ಆಮೇಲೆ" ಎನ್ನುತ್ತಿದ್ದೆ. ಅವಳು ಮತ್ತೆ ಕರೆಯುತ್ತಿದ್ದಳು, "ಹೊರಟ್ಯಾ ಶೈಲು?" ಎಂದು. ಆ ಒಂದು ಕರೆಗಾಗಿ ಈಗ ಕಿವಿ ಕಾಯುತ್ತದೆ. ಬಂದರೆ ಲ್ಯಾಪ್‌ಟಾಪ್ ಮುಚ್ಚದೆಯೇ ಓಡುತ್ತೇನೆ.

ಮದುವೆಯ ಹಿಂದಿನ ದಿನ ನನ್ನನ್ನು ಯಾರೂ ಕರೆಯಲಿಲ್ಲ. ನಾನೇ ರೇಷ್ಮೆ ಸೀರೆಯುಟ್ಟು, ಮೂರನೇ ಸಲ ಅತ್ತಿಗುಪ್ಪೆಗೆ ಹೋಗಿ, ಜಯಕ್ಕನ ಕೈ ಹಿಡಿದು ಆಟೋ ಹತ್ತಿಸಿ, ಹನ್ನೊಂದಕ್ಕೆಲ್ಲ ಛತ್ರದ ಮುಂದೆ ಇಳಿದೆ. ಜೀವನದಲ್ಲಿ ಮೊದಲ ಬಾರಿಗೆ ಎಲ್ಲರಿಗಿಂತ ಮುಂಚೆ!

"ಮೇಡಂ, ಬೀಗದ ಕೈ ಕೊಡೋದು ಮೂರು ಗಂಟೆಗೆ" ಎಂದ ಛತ್ರದವನು.

ಇಬ್ಬರೂ ಮೆಟ್ಟಿಲ ಮೇಲೆ ಕುಳಿತೆವು. ಜಯಕ್ಕ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, "ನಿಮ್ಮಮ್ಮ ಇದ್ದಿದ್ರೆ ಟೈಮ್ ಸರಿಯಾಗಿ ಹೇಳೋಳು ಕಣೇ" ಎಂದರು.

ಹೌದು. ನಾಲ್ಕು ಸಲ ಹೇಳುತ್ತಿದ್ದಳು.