ಗಿರಣಿಯ ಕೊಪ್ಪರಿಗೆಯಲ್ಲಿ ನನ್ನ ಜಲಯಾತ್ರೆ

ನನ್ನ ತವರು ಕೃಷ್ಣೆಯ ದಂಡೆ. ಹರಿಗೋಲು ನಡೆಸುವುದು ನನಗೆ ರೊಟ್ಟಿ ಬಡಿದಷ್ಟೇ ಸಲೀಸು ಎಂದು ಪುಣೆಯ ನಮ್ಮ ವಾಡೆಯ, ಅಂದರೆ ವಠಾರದ, ಹೆಂಗಸರಿಗೆ ಐದು ವರ್ಷದಿಂದ ಹೇಳುತ್ತ ಬಂದಿದ್ದೆ. ಪುಣೆಯಲ್ಲಿ ಹರಿಗೋಲೇ ಇಲ್ಲ. ಹಾಗಾಗಿ ನನ್ನ ಮಾನಕ್ಕೆ ಯಾವ ಅಪಾಯವೂ ಇರಲಿಲ್ಲ.

ಖಡಕಿಯ ಆಚೆ ಹೊಳೆಯ ದಂಡೆಗೆ, ಗೋರಾ ಸಾಹೇಬನೊಬ್ಬ ಮುಚ್ಚಿ ಹೋಗಿದ್ದ ಕಾಗದದ ಗಿರಣಿಯಿತ್ತು. ಒಂದು ಭಾನುವಾರ ಹೋಳಿಗೆ ಕಟ್ಟಿಕೊಂಡು ನಾನು, ನಮ್ಮ ಯಜಮಾನರು, ಪಕ್ಕದ ಮನೆಯ ಗೋದಾವರಿ ಅದನ್ನು ನೋಡಲು ಹೋದೆವು. ಹಿಂದೆ ಕಾಗದ ಮಾಡಲು ಚಿಂದಿ ಕುದಿಸುತ್ತಿದ್ದ ಅಗಲವಾದ ಕಬ್ಬಿಣದ ಕೊಪ್ಪರಿಗೆಯೊಂದು ನೀರಲ್ಲಿ ತೇಲುತ್ತಿತ್ತು. ಕಾವಲುಗಾರ ಹೊಳೆ ದಾಟುವುದು ಅದರಲ್ಲೇ ಅಂತೆ.

"ಅಯ್ಯ, ಥೇಟ್ ಹರಿಗೋಲು ಇದ್ದಂಗ ಅದ! ನಡಸ್ರಿ ವೈನಿ!" ಎಂದಳು ಗೋದಾವರಿ.

"ಬ್ಯಾಡ. ನಿನಗ ಈಜು ಬರೂದಿಲ್ಲ," ಎಂದರು ಯಜಮಾನರು.

"ಹರಿಗೋಲಾಗ ಕೂತವರು ಈಜೂದು ಯಾಕ್ರಿ?" ಎಂದು ಕಚ್ಚೆ ಬಿಗಿದು ಹತ್ತಿಯೇ ಬಿಟ್ಟೆ. ಹೋಳಿಗೆ ಡಬ್ಬಿಯ ಸಮೇತ ಗೋದಾವರಿಯನ್ನೂ ಹತ್ತಿಸಿದೆ.

ಅದರಲ್ಲೇ ಬಿದ್ದಿದ್ದ ಹಲಗೆಯಿಂದ ಬಲಕ್ಕೊಂದು ಹುಟ್ಟು ಹಾಕಿದೆ. ಕೊಪ್ಪರಿಗೆ ಗಿರ್ರನೆ ತಿರುಗಿತು. ಇನ್ನೊಂದು ಹಾಕಿದೆ. ಇನ್ನೂ ಜೋರು! ಗಿರಣಿ ಹೋಯಿತು, ಯಜಮಾನರು ಬಂದರು. ಯಜಮಾನರು ಹೋದರು, ಗಿರಣಿ ಬಂತು. ಆದರೂ ಏನು ಖುಷಿ! ಸೆಳವು ನಮ್ಮನ್ನು ಗಿರಣಿಯ ಕೆಳಗೆ ನೀರು ಹರಿಯುವ ಕಮಾನಿನೊಳಗೇ ಒಯ್ದಿತು. ತುಕ್ಕು ಹಿಡಿದ ಆಳೆತ್ತರದ ಚಕ್ರ, ಅದರ ಹಲ್ಲುಗಳ ನಡುವೆ ಪಾರಿವಾಳದ ಸಂಸಾರ!

"ವೈನಿ, ಎಲ್ಲಿಗೆ ಹೊಂಟೇವಿ?"

"ನನಗೇನ್ ಗೊತ್ತು? ಸುಮ್ನ ನೋಡು!"

ಕಮಾನಿನ ಆಚೆ ಬಿಸಿಲಿಗೆ ಬಂದಾಗ ತಳದಲ್ಲಿ ಒಂದು ತೂತು ಕಂಡಿತು. ಅದರೊಳಗೆ ತುರುಕಿದ ಹೊಲಸು ಚಿಂದಿ. ಮಡಿಯಲ್ಲಿ ಮಾಡಿದ ಹೋಳಿಗೆಯ ಪಕ್ಕ ಇಂಥ ಮೈಲಿಗೆಯೇ? ಬಗ್ಗಿ ಹಿಡಿದೆ.

"ಆಜಿ, ಚಿಂಧಿ ಕಾಢೂ ನಕಾ!" ಅಜ್ಜಿ, ಚಿಂದಿ ತೆಗೆಯಬೇಡಿ ಎಂದು, ಯಜಮಾನರ ಜೊತೆ ದಂಡೆಯುದ್ದಕ್ಕೂ ಓಡಿ ಬಂದ ಕಾವಲುಗಾರ ಚೀರಿದ.

"ತಗದಾತು!" ಎಂದು ಹೆಮ್ಮೆಯಿಂದ ಎಸೆದೆ.

ನೀರು ಕಾರಂಜಿಯಂತೆ ಎದ್ದಿತು. ಕೊಪ್ಪರಿಗೆ ಗುಳುಗುಳು ಎಂದು ಕೆಳಗಿಳಿಯಿತು.

"ನಾ ಸತ್ತೆ! ರೀ, ಮಕ್ಕಳನ್ನ ನೋಡ್ಕೋರಿ!"

"ಮಕ್ಕಳಿಗೇ ಮಕ್ಕಳಾಗ್ಯಾವ, ಏನ್ ನೋಡ್ಕೊಳ್ಳಿ?" ಎಂದರು ಯಜಮಾನರು ದಂಡೆಯಿಂದ. "ಎದ್ದು ನಿಂದ್ರು!"

ಗೋದಾವರಿ ಆಗಲೇ ನಿಂತಿದ್ದಳು. ಮೊಣಕಾಲುದ್ದ ನೀರು. ತಲೆಯ ಮೇಲೆ ಹೋಳಿಗೆ ಡಬ್ಬಿ. ನೆನೆಯದೇ ಉಳಿದದ್ದು ಅದೊಂದೇ!

ಸಂಜೆ ವಾಡೆಯ ಅಂಗಳದಲ್ಲಿ ಎಲ್ಲರೆದುರು ಅವಳು ಕೇಳಿದಳು: "ಖರೇ ಹೇಳ್ರಿ ವೈನಿ, ಕೃಷ್ಣಾದಾಗ ಎಷ್ಟು ಸಲ ಹರಿಗೋಲು ಹತ್ತೀರಿ?"

ಮಾನ ಹೇಗೂ ಹೊಳೆಯ ಪಾಲಾಗಿತ್ತು. ನಿಜವನ್ನೇ ಹೇಳಿದೆ. ಹತ್ತಿದ್ದು ಮೂರು ಸಲ. ಮೂರು ಸಲವೂ ಅಪ್ಪನ ಧೋತರ ಹಿಡಿದು, ಕಣ್ಣು ಮುಚ್ಚಿಕೊಂಡು!