ಧಾನ್ಯದ ರಾಶಿಯೂ ನನ್ನ ಹಸಿ ಮರವೂ

ಮಕ್ಕಳು ನಮ್ಮ ಮಾತು ಕೇಳುವುದೇ ಇಲ್ಲ ಎಂದು ಗೋಳಾಡುವ ತಂದೆತಾಯಿಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಎಂಥ ಪುಣ್ಯವಂತರು ಅವರು! ಏನು ಬೇಕಾದರೂ ಉಪದೇಶ ಮಾಡಬಹುದು, ಮಾಡಿ ಮರೆಯಬಹುದು, ಮರುದಿನ ಅದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡು ನೆಮ್ಮದಿಯಾಗಿ ಊಟ ಮಾಡಿ ಮಲಗಬಹುದು. ನನಗೆ ಆ ಭಾಗ್ಯವಿಲ್ಲ. ನನ್ನ ಮಗಳು ರುಖಿಯಾ ಮಾತು ಕೇಳುತ್ತಾಳೆ. ಬರೀ ಕೇಳುವುದಿಲ್ಲ, ನೆನಪಿಟ್ಟುಕೊಳ್ಳುತ್ತಾಳೆ. ನೆನಪಿಟ್ಟುಕೊಂಡು ಸುಮ್ಮನಿರುವುದೂ ಇಲ್ಲ, ಅದರಂತೆ ನಡೆಯುತ್ತಾಳೆ. ಇದು ನಡೆದಾಗ ಅವಳಿಗೆ ಒಂಬತ್ತು ವರ್ಷ, ಸರ್ಕಾರಿ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಕ್ಲಾಸು. ಅಷ್ಟು ಚಿಕ್ಕ ವಯಸ್ಸಿಗೇ ಇಂಥ ಗುಣ ಬಂದರೆ ಮನೆಯವರು ಬದುಕುವುದು ಹೇಗೆ?

ನಾನು ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವನು. ಮನೆಯ ಮುಂದಿನ ಕೋಣೆಯಲ್ಲಿ ಲೇತು, ಹಿಂದಿನ ಕೋಣೆಯಲ್ಲಿ ಸಂಸಾರ. ಎರಡರಲ್ಲಿ ಯಾವುದರ ಸದ್ದು ಹೆಚ್ಚು ಎಂದು ಹೇಳಲಾರೆ, ಯಾಕೆಂದರೆ ನಾನು ಬರೆದದ್ದನ್ನೆಲ್ಲ ನನ್ನ ಹೆಂಡತಿ ಜಮೀಲಾ ಓದಿಸಿ ಕೇಳುತ್ತಾಳೆ. ನಮ್ಮ ಮನೆಮಾತು ಉರ್ದು. ಆದರೆ ಬೀದಿಯ ಜಗಳಕ್ಕೂ ಮಕ್ಕಳ ಕಥೆಗೂ ಕನ್ನಡವೇ ಆಗಬೇಕು. ಕಥೆಯ ಚಟ ನನಗೆ ಅಂಟಿದ್ದು ಹೀಗೆ: ನಮ್ಮ ಮಸೀದಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಹಜರತರು ಕಾಯಿಲೆ ಬಿದ್ದು ಮೂರು ತಿಂಗಳು ಊರಿಗೆ ಹೋದರು. ಬೀದಿಯ ಮಕ್ಕಳೆಲ್ಲ ಸಂಜೆಯಾದರೆ ಟೀವಿಯ ಮುಂದೆ ಕೂತು ಇಲಿ ಬೆಕ್ಕನ್ನು ಹೊಡೆಯುವುದನ್ನು ನೋಡುತ್ತಿದ್ದವು. ಹಿರಿಯರು ಬಂದು, ‘ಬಾಷಾ, ನಿನಗೆ ಮಾತು ಚೆನ್ನಾಗಿ ಬರುತ್ತದೆ. ದಿನಾ ಅರ್ಧ ಗಂಟೆ ಪೈಗಂಬರರ ಕಥೆ ಹೇಳು. ಪ್ರವಾದಿಗಳಿಂದ ಮಕ್ಕಳು ನಾಲ್ಕು ಒಳ್ಳೆಯದು ಕಲಿಯಲಿ’ ಅಂದರು. ‘ಮಾತು ಚೆನ್ನಾಗಿ ಬರುತ್ತದೆ’ ಅಂದರೆ ಸಾಕು, ನಾನು ಬಾವಿಗೆ ಬೇಕಾದರೂ ಹಾರುತ್ತೇನೆ. ಒಪ್ಪಿಕೊಂಡೆ.

ಹೊತ್ತು ಮುಳುಗಿದಾಗಿನ ಮಗ್ರಿಬ್ ನಮಾಜು ಮುಗಿದ ಮೇಲೆ ನಮ್ಮ ಜಗುಲಿಯ ಮೇಲೆ ಹನ್ನೆರಡು ಹದಿನೈದು ಮಕ್ಕಳು ಸೇರುತ್ತಿದ್ದವು. ಕಥೆ ಮುಗಿದ ಕೂಡಲೇ ನಾನು ಬೆರಳೆತ್ತಿ, ‘ಇದರಿಂದ ನಾವು ಏನು ಕಲಿಯಬೇಕು?’ ಎಂದು ಕೇಳುತ್ತಿದ್ದೆ. ಆ ಬೆರಳಿನ ಮೇಲೆ ನನಗೆ ಬಹಳ ಅಭಿಮಾನ. ಆದರೆ ಮಕ್ಕಳು ಕಲಿಯುತ್ತಿದ್ದದ್ದು ನಾನು ಅಂದುಕೊಂಡದ್ದನ್ನಲ್ಲ. ನೂಹ್ ಪೈಗಂಬರರು ಜನ ನಗುತ್ತಿದ್ದರೂ ಬೇಸರಪಡದೆ ಹಡಗು ಕಟ್ಟಿದ್ದನ್ನು ಹೇಳಿದೆ. ಮರದ ಕೆಲಸದವನಾದ ನಾನು ಹಲಗೆ, ಮೊಳೆ, ಕೀಲು ಎಂದು ಮುಕ್ಕಾಲು ಗಂಟೆ ವಿವರಿಸಿದೆ. ‘ಏನು ಕಲಿಯಬೇಕು?’ ಅಂದರೆ ಒಬ್ಬ, ‘ಮಾಮೂ, ಅಷ್ಟು ದಿನ ಆನೆ ಲದ್ದಿ ಯಾರು ಬಾಚ್ತಿದ್ರು?’ ಅಂದ. ಯೂನುಸ್ ಪೈಗಂಬರರು ಮೀನಿನ ಹೊಟ್ಟೆಯ ಕತ್ತಲಲ್ಲಿ ತಪ್ಪೊಪ್ಪಿಕೊಂಡು ಪ್ರಾರ್ಥಿಸಿದ್ದನ್ನು ಹೇಳಿ ನನಗೇ ಕಣ್ಣು ತುಂಬಿ ಬಂದಾಗ, ಇನ್ನೊಬ್ಬಳು ಆ ಮೀನು ಆಮೇಲೆ ಬೇರೆ ಏನನ್ನಾದರೂ ತಿಂದಿತೋ ಇಲ್ಲವೋ ಎಂದು ಮರುಗಿದಳು.

ರುಖಿಯಾ ಮಾತ್ರ ಪ್ರಶ್ನೆ ಕೇಳುತ್ತಿರಲಿಲ್ಲ. ಅವಳದು ನೇರ ಜಾರಿ. ಸುಲೈಮಾನ್ ಪೈಗಂಬರರ ಸೈನ್ಯ ಬರುವುದನ್ನು ಕಂಡು ಒಂದು ಇರುವೆ, ‘ಎಲ್ಲರೂ ಗೂಡಿಗೆ ಹೋಗಿ, ಇವರು ಗೊತ್ತಿಲ್ಲದೆ ತುಳಿದಾರು’ ಎಂದು ತನ್ನವರನ್ನು ಎಚ್ಚರಿಸಿತಂತೆ. ಅಷ್ಟು ದೊಡ್ಡ ದೊರೆ ಆ ಚಿಕ್ಕ ಜೀವದ ಮಾತು ಕೇಳಿಸಿಕೊಂಡು ಮುಗುಳ್ನಕ್ಕರಂತೆ. ಈ ಕಥೆ ಹೇಳಿದ ಮರುದಿನದಿಂದ ನಮ್ಮ ಅಡುಗೆಮನೆಯಲ್ಲಿ ಕಸ ಗುಡಿಸುವುದು ಕಷ್ಟವಾಯಿತು. ಜಮೀಲಾ ಪೊರಕೆ ಎತ್ತಿದರೆ ರುಖಿಯಾ ಅಡ್ಡ ನಿಂತು, ‘ಒಂದ್ನಿಮಿಷ ಅಮ್ಮಿ’ ಎಂದು ನೆಲಕ್ಕೆ ಬಗ್ಗಿ, ‘ಎಲ್ಲಾ ಒಳಗೋಗಿ, ಅಮ್ಮಿ ಬತ್ತಾವ್ರೆ’ ಎಂದು ಡಂಗುರ ಸಾರುತ್ತಿದ್ದಳು. ಇರುವೆಗಳಿಗೆ ಉರ್ದು ಬರುವುದಿಲ್ಲವೆಂದು ಅವಳೇ ತೀರ್ಮಾನಿಸಿದ್ದಳು. ಸಕ್ಕರೆ ಡಬ್ಬಿಯಿಂದ ಅವು ಹೋಗುವವರೆಗೆ ನಮ್ಮ ಕಾಫಿಗೆ ಸಕ್ಕರೆಯಿಲ್ಲ. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಬದಲಿಗೆ ನಾಲ್ಕು ಜನರ ಮುಂದೆ ಇದನ್ನು ಹೇಳಿಕೊಂಡು ಬೀಗಿದೆ.

ಆಗ ನಮ್ಮ ಕಸುಬಿಗೆ ಕೆಟ್ಟ ಕಾಲ. ಸಂತೆಯ ತುಂಬ ಕೀಲಿ ಕೊಟ್ಟರೆ ಕೂಗುವ ಪ್ಲಾಸ್ಟಿಕ್ ಆಟಿಕೆಗಳು ಬಂದಿದ್ದವು. ಬಿಡದಿಯ ಕಡೆ ಒಂದರ ಪಕ್ಕ ಒಂದು ಕಾರ್ಖಾನೆ ಎದ್ದು, ನಮ್ಮ ಬೀದಿಯ ಗಂಡಸರು ಒಬ್ಬೊಬ್ಬರೇ ಉಳಿ ಕೆಳಗಿಟ್ಟು ಬೆಳಗಿನ ಏಳು ಗಂಟೆಯ ಬಸ್ಸು ಹತ್ತುತ್ತಿದ್ದರು. ನನ್ನ ಭಾವಮೈದುನ ಅಲ್ಲಿ ಪ್ಯಾಕಿಂಗಿನಲ್ಲಿದ್ದ. ‘ಭಾಯಿ, ನಿಮಗೂ ಒಂದು ಜಾಗ ಹೇಳಿಟ್ಟಿದ್ದೀನಿ’ ಎಂದು ಹಬ್ಬಕ್ಕೊಮ್ಮೆ ನೆನಪಿಸುತ್ತಿದ್ದ. ನನ್ನ ಅಜ್ಜ ಬಿಲ್ಲಿನಂಥ ಕೋಲು ಎಳೆದು ಮರ ತಿರುಗಿಸುತ್ತಿದ್ದರು, ಅಪ್ಪ ಮೋಟಾರು ಹಾಕಿಸಿದರು, ನಾನು ರಟ್ಟಿನ ಡಬ್ಬಕ್ಕೆ ಟೇಪು ಅಂಟಿಸಲು ಹೋಗುವುದೇ ಎಂದು ಸಂಕಟವಾಗುತ್ತಿತ್ತು. ಅಂಥ ಹೊತ್ತಿನಲ್ಲಿ ಅಲ್ಲಿನ ಒಂದು ಕಾರ್ಖಾನೆಯವರೇ ನನ್ನನ್ನು ಹುಡುಕಿಕೊಂಡು ಬಂದರು. ವಾರ್ಷಿಕೋತ್ಸವಕ್ಕೆ ಕೆಲಸಗಾರರ ಮಕ್ಕಳಿಗೆ ಹಂಚಲು ಇನ್ನೂರು ಮರದ ರೈಲು ಬೇಕು, ಒಂದು ತಿಂಗಳು ಟೈಮು, ಮೆಚ್ಚಿಕೆಯಾದರೆ ಪ್ರತಿ ವರ್ಷವೂ ನಿಮಗೇ ಎಂದರು. ಇದು ಕೈಗೆ ಹತ್ತಿದರೆ ಲೇತು ಉಳಿಯುತ್ತದೆ, ತಪ್ಪಿದರೆ ಏಳು ಗಂಟೆಯ ಬಸ್ಸು. ನನ್ನ ಪಾಲಿಗೆ ಇಷ್ಟೇ ಉಳಿದಿತ್ತು.

ತೊಂದರೆ ಮರದ್ದು. ನಮ್ಮ ಬೊಂಬೆಗೆ ಬೆಳ್ಳಗೆ, ನುಣ್ಣಗಿರುವ ಆಲೆ ಮರವೇ ಆಗಬೇಕು. ಕಡಿದ ಮೇಲೆ ಎರಡು ಮೂರು ತಿಂಗಳಾದರೂ ಒಣಗಬೇಕು. ಹಸಿ ಮರವನ್ನು ಲೇತಿಗೆ ಕೊಟ್ಟರೆ ಬೆಣ್ಣೆಯ ಹಾಗೆ ಉಳಿಗೆ ಒಗ್ಗುತ್ತದೆ, ಮೇಲೆ ಅರಗಿನ ಬಣ್ಣ ಹಿಡಿಸಿ ತಾಳೆಗರಿಯಲ್ಲಿ ಉಜ್ಜಿದರೆ ಮುಖ ಕಾಣುವಂತೆ ಹೊಳೆಯುತ್ತದೆ. ಆದರೆ ಒಂದೆರಡು ವಾರಕ್ಕೆ ಒಳಗಿನ ನೀರು ಆರಿ, ಮರ ಕುಗ್ಗಿ, ಎದೆಯ ಮೇಲೆ ಬಿರುಕು ಬಿಡುತ್ತದೆ. ಇದು ನಮ್ಮ ಬೀದಿಯ ಎಳೆಗೂಸಿಗೂ ಗೊತ್ತು. ನನ್ನ ಬಳಿ ಒಣ ಮರ ಇದ್ದದ್ದು ನಲವತ್ತು ರೈಲಿಗೆ ಮಾತ್ರ. ಕೂಟಗಲ್ಲಿನಿಂದ ನನಗೆ ಮರ ತಂದುಕೊಡುವ ರೈತ ಸಿದ್ದೇಗೌಡರು ಗಾಡಿ ಇಳಿಸುತ್ತಲೇ ಹೇಳಿದರು: ‘ಬಾಷಣ್ಣ, ಇದು ಕಡ್ದು ಎರಡು ವಾರನೂ ಆಗಿಲ್ಲ. ಈಗ್ಲೇ ಮುಟ್ಬೇಡ, ಒಣಗ್ಲಿ ಬುಡು.’

‘ಗೌಡ್ರೇ, ಬಾಳಾ ಅರ್ಜೆಂಟು’ ಅಂದೆ.

‘ನಿನ್ ಅರ್ಜೆಂಟು ಮರಕ್ಕೇನ್ ಗೊತ್ತಣ್ಣ?’ ಎಂದು ಟವೆಲ್ಲು ಕೊಡವಿ ಹೊರಟುಹೋದರು.

ನಾನು ಮುಟ್ಟಿದೆ. ಹಂಚಿದ ಮೇಲೆ ಬಿರುಕು ಬಿಟ್ಟರೆ ಮಕ್ಕಳೇ ಎಲ್ಲೋ ಬೀಳಿಸಿರುತ್ತಾರೆ ಅಂದುಕೊಳ್ಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮನುಷ್ಯ ತನಗೆ ತಾನೇ ವಕೀಲನಾದರೆ ಸೋಲುವುದುಂಟೆ? ಹಗಲೆಲ್ಲ ಹಸಿ ಮರ ತಿರುಗಿಸುವುದು, ಸಂಜೆಯಾದರೆ ಕೈ ತೊಳೆದು, ಟೋಪಿ ಹಾಕಿ, ಜಗುಲಿಗೆ ಬಂದು ಬೆರಳೆತ್ತುವುದು. ಹೀಗೆ ನಡೆಯುತ್ತಿರುವಾಗಲೇ ಒಂದು ಸಂಜೆ, ನಮ್ಮ ಪ್ರವಾದಿಯವರು ಪೇಟೆಯಲ್ಲಿ ನಡೆದು ಹೋಗುತ್ತಿದ್ದ ಕಥೆ ಹೇಳಿದೆ. ಅಲ್ಲೊಬ್ಬ ವ್ಯಾಪಾರಿ ಧಾನ್ಯದ ರಾಶಿ ಹಾಕಿಕೊಂಡು ಕೂತಿದ್ದ. ಪ್ರವಾದಿಯವರು ರಾಶಿಯೊಳಗೆ ಕೈ ಇಟ್ಟರೆ ಬೆರಳು ಒದ್ದೆಯಾಯಿತು. ಏನಿದು ಎಂದು ಕೇಳಿದರೆ ಮಳೆಗೆ ನೆನೆಯಿತು ಅಂದ. ಹಾಗಾದರೆ ನೆಂದದ್ದನ್ನು ಜನಕ್ಕೆ ಕಾಣುವ ಹಾಗೆ ಮೇಲೆಯೇ ಇಡಬಾರದಿತ್ತೇ, ಮೋಸ ಮಾಡುವವನು ನಮ್ಮವನಲ್ಲ ಎಂದರು. ನಾನು ಈ ಕಥೆಯನ್ನು ಎಷ್ಟು ಚೆನ್ನಾಗಿ ಹೇಳಿದೆನೆಂದರೆ, ಲೇತಿನ ಕೆಳಗಿದ್ದ ಮರದ ಹೊಟ್ಟಿನ ಬುಟ್ಟಿಯನ್ನೇ ತರಿಸಿ, ಅದರೊಳಗೆ ಮೊಣಕೈವರೆಗೆ ಕೈ ಹಾಕಿ ತೋರಿಸಿದೆ. ಆ ಹೊಟ್ಟು ಹಸಿಯಾಗಿತ್ತು. ಕೈಗೆ ಅಂಟಿಕೊಂಡಿತು. ‘ನೋಡಿ, ಹೀಗೇ!’ ಅಂದೆ. ಆಗಲೂ ನನಗೆ ಏನೂ ಹೊಳೆಯಲಿಲ್ಲ ಎಂದರೆ ನೀವು ನಂಬಬೇಕು. ಕಥೆ ಹೇಳುವವನಿಗೆ ಕಥೆ ಕೇಳಿಸುವುದೇ ಇಲ್ಲ.

ಮರುದಿನ ರುಖಿಯಾ ಶಾಲೆಯಿಂದ ಬಂದವಳು ಬ್ಯಾಗು ಇಳಿಸದೆ ಮರದ ತುಂಡುಗಳ ಮೇಲೆ ಅಂಗೈ ಇಟ್ಟು ನಿಂತಳು.

‘ಅಬ್ಬಾ, ಇದು ಹಸಿ ಐತೆ.’

‘ಅದು ಮರ ಬೇಟಾ. ಕಥೇಲಿ ಇದ್ದದ್ದು ಧಾನ್ಯ’ ಅಂದೆ.

ಅವಳು ಒಳಗೆ ಹೋದಳು. ಒಳಗಿನಿಂದ ಜಮೀಲಾಳ ಧ್ವನಿ ಬಂತು: ‘ಸರಿಯಾಗಿ ಹೇಳಿದ್ರಿ. ಮರಕ್ಕೆ ಬೇರೆ ಪೈಗಂಬರರು ಬರ್ತಾರೇನೋ!’ ನಾನು ಮೋಟಾರು ಜೋರು ಮಾಡಿದೆ.

ತಿಂಗಳು ತುಂಬಿತು. ಇನ್ನೂರು ರೈಲು ಕೆಂಪು, ಹಳದಿ, ಹಸಿರು ಬಣ್ಣದಲ್ಲಿ ಸಾಲಾಗಿ ನಿಂತಾಗ ಕೆಂಗಲ್ಲಿನ ದೇವಸ್ಥಾನಕ್ಕೆ ಹೋಗಿ ಬರುವ ಜನರೂ ಕಿಟಕಿಯಲ್ಲಿ ಇಣುಕಿ ನೋಡಿದರು. ಮೊದಮೊದಲು ಮಾಡಿದ ಹಸಿ ರೈಲುಗಳು ಆಗಲೇ ಕೂದಲೆಳೆಯಷ್ಟು ಬಾಯಿ ಬಿಡತೊಡಗಿದ್ದವು. ಅವಕ್ಕೆ ಅರಗು ತುಂಬಿ ಉಜ್ಜಿದೆ. ನಾಲ್ಕು ರಟ್ಟಿನ ಪೆಟ್ಟಿಗೆಗಳಲ್ಲಿ ಜೋಡಿಸುವಾಗ ಒಣ ಮರದ ನಲವತ್ತನ್ನು ಪೆಟ್ಟಿಗೆಗೆ ಹತ್ತರಂತೆ ಮೇಲಿನ ಸಾಲಿಗೆ ಇಟ್ಟೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಆ ಪೇಟೆಯ ವ್ಯಾಪಾರಿ ಮಳೆಯ ಮೇಲಾದರೂ ಹೇಳಿದ, ನಾನು ಹೇಳಲು ಮಳೆಯೂ ಬಂದಿರಲಿಲ್ಲ.

ಮಾರನೆಯ ದಿನ ಕಾರ್ಖಾನೆಯ ಸಾಹೇಬರು ಜೀಪಿನಲ್ಲಿ ಬಂದರು. ಕನ್ನಡಕದ, ಮಿತಭಾಷಿ ಮನುಷ್ಯ. ಜಮೀಲಾ ಚಹಾ ಕೊಟ್ಟಳು. ನಾನು ಠೀವಿಯಿಂದ ಪೆಟ್ಟಿಗೆಯ ಮುಚ್ಚಳ ತೆರೆದೆ. ಮೇಲಿನ ಸಾಲಿನಲ್ಲಿ ಹತ್ತು ಎಂಜಿನ್ನುಗಳು, ಹತ್ತಕ್ಕೆ ಹತ್ತೂ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದವು. ನಾನು ತುಂಬಿದ್ದ ಅರಗೂ ಉದುರಿತ್ತು. ಅವಸರದಿಂದ ಎರಡನೆಯ ಪೆಟ್ಟಿಗೆ ತೆರೆದೆ, ಅದರಲ್ಲೂ ಹಾಗೇ.

‘ಏನ್ರೀ ಬಾಷಾ ಇದು?’ ಅಂದರು ಸಾಹೇಬರು.

ನನ್ನ ಚೆನ್ನಾಗಿ ಬರುವ ಮಾತು ಎಲ್ಲಿ ಹೋಯಿತೋ ತಿಳಿಯದು. ಬಾಗಿಲ ಹಿಂದಿನಿಂದ ರುಖಿಯಾ ಬಂದಳು. ಶಾಲೆಯಲ್ಲಿ ಉತ್ತರ ಹೇಳುವ ಹಾಗೆ ಕೈ ಕಟ್ಟಿಕೊಂಡು ನಿಂತಳು.

‘ಸಾರ್, ಅವು ಹಸಿ ಮರದ್ದು. ಒಣಗಿರೋವು ಕೆಳಗವೆ, ಚೆನ್ನಾಗವೆ. ಅಬ್ಬಾ ಮರ್ತು ಅದಲು ಬದಲು ಇಕ್ಬುಟ್ಟಿದ್ರು, ನಾನು ಸರಿಮಾಡಿದೆ.’ ಆಮೇಲೆ ನನ್ನ ಕಡೆ ತಿರುಗಿ, ಮೆಚ್ಚುಗೆಗೆ ಕಾಯುವವಳಂತೆ, ‘ನೆಂದಿದ್ದು ಮೇಲಿಕ್ಬೇಕು ಅಂತ ನೀವೇ ಹೇಳಿದ್ರಲ್ಲ ಅಬ್ಬಾ’ ಅಂದಳು.

‘ಮರ್ತು’ ಅಂದಳಲ್ಲ, ಅದು ನನ್ನ ಎದೆಗೆ ನಾಟಿತು. ಅಪ್ಪ ಬೇಕೆಂದೇ ಹಾಗೆ ಮಾಡಿರಬಹುದೆಂಬ ಯೋಚನೆ ಆ ತಲೆಗೆ ಬಂದೇ ಇರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು, ಗದರಿಸಿ ಓಡಿಸಬಹುದಿತ್ತು. ನನಗೆ ಸಿಟ್ಟು ಬಂತು, ಅಳು ಬಂತು, ಇವೆರಡರ ಜೊತೆಗೆ ಇಂಥ ಮಗಳು ನನಗೆ ಹುಟ್ಟಿದಳಲ್ಲ ಎಂಬ ಹೆಮ್ಮೆಯೂ ನಾಚಿಕೆಯಿಲ್ಲದೆ ಬಂತು. ಸುಳ್ಳು ಹೇಳಲು ಇನ್ನೂ ದಾರಿಯಿತ್ತು. ಅವಳ ಮುಖ ನೋಡಿದ ಮೇಲೆ ಆಗಲಿಲ್ಲ.

‘ಮರ್ತಿದ್ದಲ್ಲ ಸಾರ್. ಬೇಕು ಅಂತಲೇ ಹಾಗೆ ಇಟ್ಟಿದ್ದೆ’ ಅಂದೆ.

ಸಾಹೇಬರು ಚಹಾದ ಲೋಟ ಕೆಳಗಿಟ್ಟು ಅವಳನ್ನೂ ನನ್ನನ್ನೂ ನೋಡಿದರು. ಕಥೆಗಳಲ್ಲಾದರೆ ಇಲ್ಲಿ ಅವರು ಕಣ್ಣೊರೆಸಿಕೊಂಡು ಆರ್ಡರನ್ನು ನಾನೂರಕ್ಕೆ ಏರಿಸಬೇಕು. ಅವರು ಹಾಗೆ ಮಾಡಲಿಲ್ಲ. ನಲವತ್ತು ಒಣ ರೈಲುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ ತೆಗೆದುಕೊಂಡರು. ಉಳಿದದ್ದಕ್ಕೆ ಪ್ಲಾಸ್ಟಿಕ್ಕಿನದೇ ತರುತ್ತೇವೆ ಅಂದರು. ಜೀಪು ಹತ್ತುವಾಗ ಮಾತ್ರ, ‘ಮುಂದಿನ ಸಲಕ್ಕೆ ಈಗಿಂದ್ಲೇ ಮರ ಒಣಗಿಸಿಡಿ. ನೋಡೋಕೆ ನಾನೇ ಬರ್ತೀನಿ. ಆದ್ರೆ ತೋರಿಸೋರು ನೀವಲ್ಲ, ಈ ಹುಡುಗಿ’ ಅಂದರು. ಅಷ್ಟಕ್ಕೇ ನನ್ನ ಲೇತು ಉಳಿಯಿತೋ ಇಲ್ಲವೋ ಗೊತ್ತಿರಲಿಲ್ಲ. ಏಳು ಗಂಟೆಯ ಬಸ್ಸು ಇನ್ನೊಂದು ವರ್ಷ ನನ್ನನ್ನು ಬಿಟ್ಟು ಹೋಗುತ್ತದೆ ಎಂದಷ್ಟೇ ಅರ್ಥವಾಯಿತು.

ಆ ಮಧ್ಯಾಹ್ನವೆಲ್ಲ ನಾನು ಉಳಿದ ಹಸಿ ತುಂಡುಗಳನ್ನು ಹೊತ್ತು ತಾರಸಿಗೆ ಏರಿಸಿ, ಗಾಳಿಯಾಡುವಂತೆ ಅಡ್ಡಡ್ಡ ಪೇರಿಸಿದೆ. ಸಂಜೆ ಕೆಳಗಿಳಿದಾಗ ಮಕ್ಕಳು ಆಗಲೇ ಜಗುಲಿಯ ಮೇಲೆ ಕೂತು ಕಾಯುತ್ತಿದ್ದವು. ಯಾವ ಕಥೆ ಹೇಳಿದರೆ ನನಗೆ ಅಪಾಯವಿಲ್ಲ ಎಂದು ಯೋಚಿಸಿದೆ. ಒಬ್ಬ ಪೈಗಂಬರರದು ತಾಳ್ಮೆ, ಒಬ್ಬರದು ಸತ್ಯ, ಒಬ್ಬರದು ಕ್ಷಮೆ. ಎಲ್ಲಿ ಕೈಯಿಟ್ಟರೂ ನನಗೇ ತಗಲುವಂಥವು. ಅಷ್ಟರಲ್ಲಿ ಎಲ್ಲರಿಗಿಂತ ಚಿಕ್ಕವನಾದ, ಪಕ್ಕದ ಮನೆಯ ಐದು ವರ್ಷದ ಇಮ್ತಿಯಾಜ್, ‘ಮಾಮೂ, ಧಾನ್ಯ ನೆನೆಸ್ಕೊಂಡಿದ್ನಲ್ಲ, ಆ ಯಾಪಾರಿ ಆಮೇಲೆ ಏನಾದ?’ ಎಂದು ಕೇಳಿದ.

ಅದು ಯಾವ ಹಿರಿಯರಿಂದಲೂ ನಾನು ಕೇಳಿದ್ದಲ್ಲ. ನಾನು ಬಾಯಿ ತೆರೆಯುವ ಮೊದಲೇ ರುಖಿಯಾ ತಾರಸಿಯ ಕಡೆಗೂ ನನ್ನ ಕಡೆಗೂ ನೋಡಿ ಉತ್ತರ ಕೊಟ್ಟಳು: ‘ಆಮೇಲೆ ಎಲ್ಲಾ ಬಿಸ್ಲಿಗೆ ಹಾಕಿ ಒಣಗಿಸ್ದ. ಸುಮ್ಕೆ ಬೈಬೇಡ್ರಿ ಅವನ್ನ, ಪಾಪ.’

ಇಮ್ತಿಯಾಜ್ ಮೆಲ್ಲಗೆ ಎದ್ದು ಬಂದು, ಬೆವರಿನಿಂದ ತೊಯ್ದ ನನ್ನ ಅಂಗಿಯ ಮೇಲೆ ಬೆರಳಿಟ್ಟು ನೋಡಿದ. ಆಮೇಲೆ ಎಲ್ಲರ ಕಡೆ ತಿರುಗಿ, ‘ಇನ್ನೂ ಒಸಿ ಹಸಿ ಅವ್ರೆ’ ಎಂದು ಸಾರಿದ.